ಡಾಮರು ಡಬ್ಬದ ಬೆಂಕಿ

ಹೊಗೆಯಲ್ಲಿ ಮಾಂಸ ಬೇಯಿಸುವ ಒಲೆಯಲ್ಲಿ ಹೊಗೆಯೇ ಕಾಣಬಾರದಂತೆ! ಮಗ ಈ ಮಾತು ಹೇಳಿದ ದಿನವೇ ನಾನು ಕೈಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಾಗಿತ್ತು. ಹಾಕಿಕೊಳ್ಳಲಿಲ್ಲ. ಹೆತ್ತ ತಪ್ಪಿಗೆ ಸೌದೆ ಒಡೆದೆ, ಬೂದಿ ಬಾಚಿದೆ, ಒಗೆದು ಒಣಹಾಕಿದ ಬಟ್ಟೆಗಳನ್ನು ಹೊಗೆವಾಸನೆಗೆ ಮತ್ತೆ ಒಗೆದೆ. ಆ ಬೇಸಿಗೆಯಿಡೀ ನಮ್ಮ ಮನೆಯಲ್ಲಿ ಒಲೆಯದ್ದೇ ಮಂಡೆಬಿಸಿ.

ನಮ್ಮ ಮನೆ ಉಪ್ಪಳ ಪೇಟೆಯಿಂದ ಸ್ವಲ್ಪ ಒಳಗೆ, ರೈಲು ಹೋದರೆ ಕೇಳುವಷ್ಟು ದೂರದಲ್ಲಿದೆ. ನಾನು ಶಾಲೆಯಲ್ಲಿ ಕನ್ನಡ ಟೀಚರು. ಮನೆಯಲ್ಲಿ ಆಡುವುದು ಬ್ಯಾರಿ, ಬರೆಯಲು ಬರುವುದು ಕನ್ನಡ. ಹಾಗಾಗಿ ಈ ಕಥೆಯಲ್ಲಿ ನಮ್ಮವರೆಲ್ಲ ಕನ್ನಡದಲ್ಲೇ ಜಗಳ ಮಾಡುತ್ತಾರೆ, ಸಹಿಸಿಕೊಳ್ಳಬೇಕು. ಮನೆಯಲ್ಲಿದ್ದದ್ದು ಮೂರೇ ಜನ: ನಾನು, ನನ್ನ ಅತ್ತೆ, ನನ್ನ ಮಗ. ಗಂಡ ಮದುವೆಯಾಗಿ ಸ್ವಲ್ಪ ದಿನಕ್ಕೇ ಗಲ್ಫಿಗೆ ಹೋದವರು ಈಗಲೂ ಅಲ್ಲೇ ಇದ್ದಾರೆ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಕಲಿಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಅತ್ತೆಗೆ ಅವರೊಬ್ಬರೇ ಮಗ.

ಒಲೆಗೆ ಕಾರಣ ನನ್ನ ಅಣ್ಣ. ಅವನು ಶಾರ್ಜಾದಲ್ಲಿ ಪಾಲುದಾರನೊಬ್ಬನ ಜೊತೆ ಹೊಸ ಹೋಟೆಲು ತೆರೆಯಲು ಹೊರಟಿದ್ದ. ಅಮೆರಿಕದವರ ಹಾಗೆ ಮಾಂಸದ ದೊಡ್ಡ ದೊಡ್ಡ ತುಂಡುಗಳನ್ನು ಸೌದೆಯ ಹೊಗೆಯಲ್ಲಿ ಗಂಟೆಗಟ್ಟಲೆ ಇಟ್ಟು ಬೇಯಿಸುವ ಹೋಟೆಲಂತೆ. ನನ್ನ ಮಗ ಮಂಗಳೂರಿನಲ್ಲಿ ಹೋಟೆಲಿನ ಕೋರ್ಸು ಮುಗಿಸಿ, ಪೇಟೆಯಲ್ಲಿರುವ ನಮ್ಮ ಪಾತ್ರೆ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದ. ಹೋಟೆಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫೋನು ಹಿಡಿದು ಅಣ್ಣನ ಜೀವ ತಿನ್ನಲು ಶುರುಮಾಡಿದ. "ಮಾಮ, ಅಡುಗೆ ನಾನು ಮಾಡ್ತೇನೆ. ನನ್ನನ್ನು ಕರ್ಕೊಂಡು ಹೋಗಿ. ಎಲ್ಲ ನೋಡಿ ಕಲ್ತಿದ್ದೇನೆ."

ಅಣ್ಣ ಹೇಳಿದ, "ವೀಡಿಯೊ ನೋಡಿ ಯಾರೂ ಅಡುಗೆಯವ ಆಗುವುದಿಲ್ಲ ಮಾರಾಯ. ನಾನು ರಜೆಯಲ್ಲಿ ಊರಿಗೆ ಬರುವಾಗ ಪಾರ್ಟ್‌ನರೂ ಬರ್ತಾನೆ. ಮಾಡಿ ತಿನ್ನಿಸು. ಬಾಯಿಗೆ ಹಿಡಿಸಿದರೆ ವೀಸಾ ಕೊಡ್ತೇನೆ. ಇಲ್ಲದಿದ್ದರೆ ಮತ್ತೆ ಈ ಸುದ್ದಿ ಎತ್ತಬಾರದು, ಅಂಗಡಿ ನೋಡ್ಕೊಂಡು ಇರ್ಬೇಕು."

ಮಗ ಒಪ್ಪಿದ. ನನ್ನನ್ನು ಯಾರು ಕೇಳಿದರು? ನನಗೆ ಅವನು ಹೋಗುವುದು ಬೇಡವಾಗಿತ್ತು. ಗಂಡನನ್ನು ಫೋನಿನ ಪರದೆಯಲ್ಲಿ ನೋಡಿ ನೋಡಿ ನನ್ನ ಕೂದಲು ನೆರೆತಿದೆ, ಇನ್ನು ಮಗನನ್ನೂ ಅದರಲ್ಲೇ ನೋಡಬೇಕಾ? ಆದರೆ ಬೇಡ ಎಂದು ಬಾಯಿಬಿಟ್ಟು ಹೇಳಿದರೆ, ನಾಳೆ ಅಂಗಡಿಯಲ್ಲಿ ಕೂತು ಕೊಳೆಯುವಾಗೆಲ್ಲ ಉಮ್ಮನಿಂದಾಗಿ ಹೀಗಾಯಿತು ಎಂದು ಅವನು ಮನಸ್ಸಿನಲ್ಲೇ ಬೈಯುತ್ತಾನೆ. ಹಾಗಾಗಿ ನಾನು ಸುಮ್ಮನಿದ್ದೆ. ಇವನಿಂದ ಎಂತ ಆಗುತ್ತದೆ, ನಾಲ್ಕು ದಿನ ಕಣ್ಣುರಿಸಿಕೊಂಡು ಬಿಡುತ್ತಾನೆ ಎಂದು ಧೈರ್ಯ ತಂದುಕೊಂಡೆ.

ಬಿಡುವುದೆಲ್ಲಿಂದ ಬಂತು! ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ದಪ್ಪ ಕಬ್ಬಿಣದ ಪೈಪು ಕೊಯ್ಯಿಸಿ, ಕಾಲು ಹಚ್ಚಿಸಿ, ಮುಚ್ಚಳಕ್ಕೆ ಕೀಲು ಕೂರಿಸಿ, ಪಿಕಪ್‌ನಲ್ಲಿ ಹೇರಿಕೊಂಡು ಬಂದೇಬಿಟ್ಟ. ಒಂದು ಉದ್ದದ ಉರುಟು ಪೆಟ್ಟಿಗೆ. ಅದರ ಎಡಕ್ಕೆ, ಸ್ವಲ್ಪ ತಗ್ಗಿನಲ್ಲಿ, ಇನ್ನೊಂದು ಚಿಕ್ಕ ಪೆಟ್ಟಿಗೆ. ಬಲತುದಿಯಲ್ಲಿ ಎದೆಮಟ್ಟದ ಚಿಮಣಿ. ಬೆಂಕಿ ಚಿಕ್ಕ ಪೆಟ್ಟಿಗೆಯಲ್ಲಿ, ಮಾಂಸ ದೊಡ್ಡದರಲ್ಲಿ. ಬೆಂಕಿಯ ಬಿಸಿ ಮತ್ತು ಹೊಗೆ ಮಾಂಸದ ಮೇಲೆ ಹಾದು ಚಿಮಣಿಯಿಂದ ಹೊರಗೆ ಹೋಗಬೇಕು. ಮುಚ್ಚಳದ ಮೇಲೆ ಬಿಸಿ ತೋರಿಸುವ ಒಂದು ಮುಳ್ಳು. ಮುಳ್ಳು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ನಾನು ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದಲೇ ಮಗ ಎರಡು ಗೀಟು ಹಾಕಿದ್ದ. ನೋಡಿದರೆ ರಸ್ತೆ ಕೆಲಸದವರು ಡಾಮರು ಕಾಯಿಸುವ ಡಬ್ಬ, ಬೇರೆ ಎಂತ ಅಲ್ಲ. ಹಾದಿಯಲ್ಲಿ ಹೋಗುವವರೆಲ್ಲ ಗೇಟಿನ ಹತ್ತಿರ ನಿಂತು "ಎಂತ ಟೀಚರೇ, ರೋಡಿನ ಕಂಟ್ರಾಕ್ಟು ಸಿಕ್ಕಿತಾ?" ಎಂದು ಕುಶಾಲು ಮಾಡಿದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಮೊದಲನೆಯ ಸಲಕ್ಕೆ ಸೌದೆ ಬಂದದ್ದು ಎಣ್ಮಕಜೆ ಕಡೆಯಿಂದ, ಆಗಷ್ಟೇ ಕಡಿದ ಗೇರುಮರ. ಹಸಿ ಎಂದರೆ ಹಸಿ, ತುದಿಯಲ್ಲಿ ನೊರೆ ಬರುತ್ತಿತ್ತು. ಹಾಕಿದ್ದೇ ಹಾಕಿದ್ದು, ಬಿಳಿ ಹೊಗೆ ಅಂಗಳ ತುಂಬಿ, ಪಕ್ಕದ ಮನೆಯವರು ಕಿಟಕಿ ಮುಚ್ಚಿದರು, ಅತ್ತೆ ಕೆಮ್ಮುತ್ತ ಒಳಗೆ ಓಡಿದರು. ಸಂಜೆ ಹೊರಬಂದ ಮಾಂಸ ಕಪ್ಪಗಿತ್ತು. ಒಂದು ಚೂರು ಬಾಯಿಗಿಟ್ಟೆ, ನಾಲಿಗೆ ಜುಮ್ಮೆಂದು ಮರಗಟ್ಟಿತು. ಬೆಕ್ಕು ಕೂಡ ಮೂಸಿ ನೋಡಿ ತಿರುಗಿ ಹೋಯಿತು. ನನಗೆ ಒಳಗೊಳಗೇ ಖುಷಿ.

ಎರಡನೆಯ ಸಲ ಮಾಂಸದಂಗಡಿಯವನಿಂದ ಕೆಟ್ಟಿತು. ಇಡೀ ಪಕ್ಕೆಲುಬು ಒಂದೇ ತುಂಡಾಗಿ ಬೇಕು, ಕಡಿಯಬಾರದು ಎಂದು ಮಗ ಹತ್ತು ಸಲ ಹೇಳಿದನಂತೆ. ಅವನು ಹೂಂ ಹೂಂ ಎನ್ನುತ್ತಲೇ ಬಿರಿಯಾನಿ ತುಂಡು ಮಾಡಿ ಪೊಟ್ಟಣ ಕಟ್ಟಿದ್ದ. "ಅಯ್ಯೋ, ಮಾತಾಡ್ತಾ ಮಾತಾಡ್ತಾ ಕೈ ಕಡಿದುಬಿಟ್ಟಿತು ಮಾರಾಯ" ಎಂದನಂತೆ. ಎಂತ ಹೇಳುವುದು ಇಂಥವರಿಗೆ? ಆ ದಿನ ಸಾರು ಮಾಡಿ ತಿಂದೆವು.

ಆಮೇಲೆ ಬಂದವು ಇವನ ಕಾಯಿದೆಗಳು. ಸೌದೆ ಒಣಗಿದ ಮಾವಿನದ್ದೇ ಆಗಬೇಕು. ಒಂದೊಂದು ತುಂಡೂ ನನ್ನ ಮುಂಗೈಯಷ್ಟು ದಪ್ಪ, ಅದಕ್ಕಿಂತ ಹೆಚ್ಚಲ್ಲ. ಹಾಕುವ ಮೊದಲು ಬೆಂಕಿಯ ಚಿಕ್ಕ ಪೆಟ್ಟಿಗೆಯ ಮೇಲೆ ಇಟ್ಟು ಬೆಚ್ಚಗೆ ಮಾಡಬೇಕು, ಹಾಕಿದ ಕೂಡಲೇ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳದೆ ಹೊಗೆಯಾಡಿದರೆ ಮಾಂಸ ಕಹಿ. ಬಿಸಿ ಹೆಚ್ಚಾಯಿತೆಂದು ಗಾಳಿ ಮುಚ್ಚಬಾರದು, ಸೌದೆ ಕಡಿಮೆ ಮಾಡಬೇಕು. ಬೆಂಕಿ ಚಿಕ್ಕದಿರಬೇಕು, ಆದರೆ ಉರಿಯುತ್ತಲೇ ಇರಬೇಕು. ಚಿಮಣಿಯಿಂದ ಬರುವ ಹೊಗೆ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ, ನೀಲಿ ನೀಲಿಯಾಗಿರಬೇಕು. ಮುಚ್ಚಳ ಮಾತ್ರ, ಆಕಾಶ ಬಿದ್ದರೂ ತೆಗೆಯಬಾರದು.

ಇಷ್ಟು ನಾಜೂಕಿನ ಉಪಚಾರ ನನ್ನ ಮದುವೆಯಲ್ಲಿ ನನಗೇ ಸಿಗಲಿಲ್ಲ. ನಮ್ಮ ಬಚ್ಚಲಿನ ಒಲೆಗೆ ಬೆಳಿಗ್ಗೆ ಮರದ ಒಂದು ದಪ್ಪ ಕುತ್ತಿ ತುರುಕಿದರೆ ಮಧ್ಯಾಹ್ನದವರೆಗೆ ಆ ಕಡೆ ತಲೆಹಾಕುವುದು ಬೇಡ, ಅದರಷ್ಟಕ್ಕೆ ಹೊಗೆಯಾಡಿಕೊಂಡು ನೀರು ಕಾಯಿಸುತ್ತದೆ. ಈ ಡಬ್ಬ ಹಾಗಲ್ಲ. ಸೌದೆ ಹಾಕಿ ಒಂದು ಚಾಯ ಕುಡಿದು ಬರುವಷ್ಟರಲ್ಲಿ ಮುಳ್ಳು ಕೆಳಗಿನ ಗೀಟು ದಾಟಿರುತ್ತದೆ. ಅಯ್ಯೋ ಎಂದು ಎರಡು ತುಂಡು ಹೆಚ್ಚಿಗೆ ಹಾಕಿದರೆ ಮೇಲಿನ ಗೀಟು ಹಾರಿ ಎಲ್ಲೋ ಹೋಗುತ್ತದೆ. ಒಮ್ಮೆ ಅವನು ಫೋನಿನಲ್ಲಿದ್ದಾಗ, ಬೆಂಕಿ ಸೊರಗಿತೆಂದು ಪಾಪ ಅನಿಸಿ ನಾನೇ ಒಂದು ಬುಟ್ಟಿ ಗೆರಟೆ ಸುರಿದೆ. ತೆಂಗಿನ ಗೆರಟೆಯ ಉರಿ ಕೇಳಬೇಕಾ, ಡಬ್ಬದ ಬಣ್ಣವೇ ಸುಟ್ಟು ಕಿತ್ತುಬಂತು. ಮಗ ತಲೆಯ ಮೇಲೆ ಕೈಹೊತ್ತು ಬೊಬ್ಬೆ ಹಾಕಿದ, "ಉಮ್ಮಾ! ನಿಮಗೆ ಕೈಕಟ್ಟಿ ಕೂತ್ಕೊಳ್ಳಿಕ್ಕೆ ಎಂತ ಕೊಡ್ಬೇಕು?" ಮೊದಲ ಸಲ ಅವನು ನನ್ನ ಮೇಲೆ ದನಿ ಏರಿಸಿದ್ದು. ನಾನೂ ಬಿಡಲಿಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ.

ಒಲೆ ಕಂಡರೆ ನಮ್ಮ ಊರಿನವರ ಕೈ ಸುಮ್ಮನಿರುವುದಿಲ್ಲ, ಅದು ಮಾತ್ರ ಸತ್ಯ. ಬಂದವರೆಲ್ಲ ಒಂದು ಕಡ್ಡಿ ತೆಗೆದು ಕೆದಕುವವರೇ. ಇನ್ನು ಮುಚ್ಚಳ! ಅಡುಗೆ ಆಗುವ ಮನೆಗೆ ಹೋಗಿ ಪಾತ್ರೆ ಇಣುಕಿ "ಮಾಶಾ ಅಲ್ಲಾ" ಅನ್ನದಿದ್ದರೆ ಮನೆಯವರಿಗೆ ಬೇಜಾರಾಗುತ್ತದೆ ಎಂದು ತಿಳಿದವರು ನಾವು. ಒಬ್ಬೊಬ್ಬರು ಇಣುಕಿದಾಗಲೂ ಮುಳ್ಳು ದೊಪ್ಪನೆ ಬೀಳುತ್ತಿತ್ತು, ಮಗನ ಮುಖವೂ ಅದರ ಜೊತೆಗೇ ಬೀಳುತ್ತಿತ್ತು. ಅತ್ತೆ ಮಾತ್ರ ದೂರದಲ್ಲಿ ಸ್ಟೂಲು ಹಾಕಿ ಕೂತು, ತಸ್ಬಿಯ ಮಣಿ ಎಣಿಸುತ್ತ ಎಲ್ಲ ನೋಡುತ್ತಿದ್ದರು. ಮದುವೆಮನೆಗಳಲ್ಲಿ ಬಿರಿಯಾನಿಗೆ ದಮ್ಮು ಹಾಕಲು ಅತ್ತೆಯನ್ನೇ ಕರೆಯುತ್ತಾರೆ, ಬೆಂಕಿಯ ವಿಷಯದಲ್ಲಿ ಅವರಿಗೆ ಯಾರೂ ಬುದ್ಧಿ ಹೇಳುವಂತಿಲ್ಲ. ಆದರೂ ಮೊಮ್ಮಗನ ಒಲೆಯ ತಂಟೆಗೆ ಅವರು ಹೋದದ್ದೇ ಇಲ್ಲ. "ಚಂದ ಆಗ್ಲಿ ಮೋನೇ" ಅನ್ನುತ್ತಿದ್ದರು, ಅಷ್ಟೆ.

ಕೆಡಿಸಿ ಕೆಡಿಸಿ ಕೊನೆಗೊಂದು ಭಾನುವಾರ ಅದು ಸರಿಯಾಯಿತು. ಹೊರಗೆ ಕಂದುಗಪ್ಪು ಹೊದಿಕೆ, ಒಳಗೆ ಮಾಂಸ ಮುಟ್ಟಿದರೆ ಎಲುಬು ಬಿಟ್ಟು ಬರುತ್ತಿತ್ತು. ಉಪ್ಪು, ಕರಿಮೆಣಸು, ಹೊಗೆ, ಇಷ್ಟರಲ್ಲೇ ಅಂಥ ರುಚಿ. ಮಗ ನನ್ನ ಮುಖವನ್ನೇ ನೋಡುತ್ತಿದ್ದ. "ಪರವಾಗಿಲ್ಲ" ಎಂದೆ. ಇವನು ಹೋಗಿಯೇ ಹೋಗುತ್ತಾನೆ ಎಂದು ಆಗಲೇ ಗೊತ್ತಾಯಿತು. ಆ ಮೇಲಿನ ಶುಕ್ರವಾರವೇ ಅಣ್ಣ ಪಾಲುದಾರನನ್ನು ಕರೆದುಕೊಂಡು ಊಟಕ್ಕೆ ಬರುವವನಿದ್ದ.

ಶುಕ್ರವಾರ ನಾನು ಶಾಲೆಗೆ ರಜೆ ಹಾಕಿದೆ. ಮಗ ನಸುಕಿನ ಸುಬಹಿ ನಮಾಜು ಮುಗಿಸಿ ಬಂದವನೇ ಬೆಂಕಿ ಹಚ್ಚಿದ. ಬೆಳಗ್ಗಿನಿಂದ ಡಬ್ಬದ ಪಕ್ಕದಿಂದ ಕದಲಲಿಲ್ಲ. ಅವನಿಗೆ ತಿಂಡಿಯನ್ನು ಅಲ್ಲಿಗೇ ಕೊಂಡುಹೋಗಿ ಕೊಟ್ಟೆ. ಎಲ್ಲ ಸರಿಯಿತ್ತು, ಜುಮಾ ನಮಾಜಿನ ಹೊತ್ತಾಗುವವರೆಗೆ. ಇದೊಂದನ್ನು ಅವನೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ! ಶುಕ್ರವಾರ ಮಧ್ಯಾಹ್ನ ಗಂಡಸು ಮನೆಯಲ್ಲಿ ಉಳಿಯುವ ಹಾಗಿಲ್ಲ. ಮಾಂಸ ಇನ್ನೇನು ಮೆತ್ತಗಾಗುವ ಹೊತ್ತಿಗೆ ಬೆಂಕಿ ಬಿಟ್ಟು ಪಳ್ಳಿಗೆ ನಮಾಜಿಗೆ ಹೋಗಬೇಕು.

"ಉಮ್ಮಾ, ನಿಮ್ಮನ್ನು ನಂಬಿ ಹೋಗ್ತೇನೆ" ಎಂದ, ತಲೆಗೆ ಟೊಪ್ಪಿ ಇಡುತ್ತ. "ಇಲ್ಲಿ ಸಾಲಾಗಿ ಇಟ್ಟ ತುಂಡು ಒಂದೊಂದೇ ಹಾಕಿ. ಎರಡು ಹಾಕ್ಬೇಡಿ. ಗೆರಟೆ ಬೇಡ. ಮುಚ್ಚಳ ಮುಟ್ಬೇಡಿ."

"ಹೋಗು ಮಾರಾಯ, ನಾನು ಒಲೆ ಕಾಣದವಳಾ?" ಎಂದು ರೇಗಿದೆ.

ಅವನು ಹೋದ ಮೇಲೆ ಒಂದು ತುಂಡು ಹಾಕಿದೆ, ಹೊತ್ತಿಕೊಂಡಿತು, ಮುಳ್ಳು ಗೀಟುಗಳ ನಡುವೆ ನಿಂತಿತು. ಒಳಗೆ ಗೀ ರೈಸಿಗೆ ಅಕ್ಕಿ ಹಾಕಬೇಕು, ಪರೋಟ ತಟ್ಟಬೇಕು, ನನ್ನ ಮಧ್ಯಾಹ್ನದ ಲುಹರ್ ನಮಾಜೂ ಆಗಬೇಕು. ಅತ್ತೆಯ ಹತ್ತಿರ "ಮಾಮಿ, ಸ್ವಲ್ಪ ಒಲೆ ಕಡೆ ಕಣ್ಣಿಡಿ, ಎಂತ ಮಾಡ್ಲಿಕ್ಕೆ ಇಲ್ಲ, ನೋಡ್ತಾ ಇದ್ದರೆ ಸಾಕು" ಎಂದು ಹೇಳಿ ಒಳಗೆ ಹೋದೆ. "ನೀನು ಹೋಗು, ನಾನಿದ್ದೇನೆ" ಎಂದರು.

ನಮಾಜು ಮುಗಿಸಿ ಅಡುಗೆಮನೆಗೆ ಬಂದರೆ, ಪರೋಟಕ್ಕೆಂದು ಕಲಸಿ ಬಟ್ಟೆ ಮುಚ್ಚಿಟ್ಟಿದ್ದ ಮೈದಾಹಿಟ್ಟು ಇಲ್ಲ. ಬಟ್ಟಲೇ ಇಲ್ಲ. ಹಿತ್ತಿಲಬಾಗಿಲಿನಿಂದ ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತೆ. ಡಾಮರು ಡಬ್ಬಕ್ಕೆ ಅತ್ತೆ ದಮ್ಮು ಹಾಕಿದ್ದರು! ಬಿರಿಯಾನಿಯ ಪಾತ್ರೆಗೆ ಹಾಕುವ ಹಾಗೆಯೇ, ಮುಚ್ಚಳದ ಸುತ್ತ ಅಂಚಿಗೆ ಮೈದಾಹಿಟ್ಟಿನ ಬತ್ತಿ ಹೊಸೆದು ನೀಟಾಗಿ ಮೆತ್ತಿದ್ದರು. ಚಿಮಣಿಯ ಬಾಯಿಗೆ ಒಂದು ಸ್ಟೀಲಿನ ಚೊಂಬು ಬೋರಲು ಹಾಕಿ ಅದಕ್ಕೂ ಹಿಟ್ಟು ಮೆತ್ತಿದ್ದರು. ಸಾಲದ್ದಕ್ಕೆ ಬೆಂಕಿಯ ಪೆಟ್ಟಿಗೆಯಲ್ಲಿದ್ದ ಕೆಂಡವನ್ನೆಲ್ಲ ಗೋರಿ ಹಳೆಯ ಹರಿವಾಣಕ್ಕೆ ತುಂಬಿ ಮುಚ್ಚಳದ ಮೇಲಿಟ್ಟಿದ್ದರು. ಬೆಂಕಿಯ ಪೆಟ್ಟಿಗೆಯ ಸಂದಿಯಿಂದ ಬಿಳಿ ಹೊಗೆ ಕೆಮ್ಮಿಕೊಂಡು ಬರುತ್ತಿತ್ತು. ಮುಳ್ಳು ಕೆಳಗಿನ ಗೀಟಿಗಿಂತ ಎಷ್ಟೋ ಕೆಳಗೆ ಹೋಗಿತ್ತು.

"ಯಾ ಅಲ್ಲಾ! ಮಾಮಿ, ಎಂತ ಮಾಡಿದ್ದು ಇದು?"

"ಬಿಸಿಯೆಲ್ಲ ಹೊರಗೆ ಹೋಗ್ತಾ ಇತ್ತು. ದಮ್ಮು ಹಾಕಿದೆ" ಎಂದರು. ಕೈಗೆ ಅಂಟಿದ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು.

ನನ್ನ ತಲೆ ಕೆಟ್ಟುಹೋಯಿತು. ಇಷ್ಟು ದಿನ ಸುಮ್ಮನಿದ್ದ ಮುದುಕಿಗೆ ಇವತ್ತೇ ಬರಬೇಕಾ ಈ ಬುದ್ಧಿ? ಒಂದು ಗಳಿಗೆ, ಸುಳ್ಳು ಯಾಕೆ ಹೇಳಲಿ, ಬಿಟ್ಟುಬಿಡೋಣ ಎಂದೂ ಅನಿಸಿತು. ನಾನು ಕೆಡಿಸಿದ್ದಲ್ಲ. ಯಾರೂ ನನ್ನನ್ನು ಕೇಳುವ ಹಾಗಿಲ್ಲ. ಮಾಂಸ ಕಹಿಯಾಗುತ್ತದೆ, ಅಣ್ಣ ಮುಖ ಸಿಂಡರಿಸುತ್ತಾನೆ, ಮಗ ಮನೆಯಲ್ಲೇ ಉಳಿಯುತ್ತಾನೆ. ನಾನು ಬೇಡಿಕೊಂಡದ್ದೂ ಅದನ್ನೇ ಅಲ್ಲವಾ?

ಆದರೆ ಬೆಂಕಿಯ ಪೆಟ್ಟಿಗೆಯ ಪಕ್ಕದಲ್ಲಿ ಆ ಸೌದೆ ತುಂಡುಗಳು ಸಾಲಾಗಿ ಇದ್ದವು. ಯಾವುದರ ನಂತರ ಯಾವುದು ಎಂದು ದಪ್ಪ ನೋಡಿ ಜೋಡಿಸಿದ್ದ. ಶಾಲೆಯ ಪುಸ್ತಕವನ್ನು ಒಮ್ಮೆಯೂ ಹೀಗೆ ಜೋಡಿಸಿದವನಲ್ಲ ಅವನು. ನನಗೆ ತಡೆಯಲಿಲ್ಲ. ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಬಟ್ಟೆ ಸುತ್ತಿದ ಕೈಯಿಂದ ಚೊಂಬಿಗೆ ಒಂದು ಏಟು ಹಾಕಿದೆ, ಅದು ಹಾರಿ ಬಾವಿಕಟ್ಟೆಗೆ ಬಡಿಯಿತು.

"ಬಿಡು ಮೋಳೇ, ತೆಗೀಬೇಡ" ಎಂದರು ಅತ್ತೆ.

"ನೀವು ಸುಮ್ಮನಿರಿ ಮಾಮಿ!"

ಕೆಂಡದ ಹರಿವಾಣ ಎತ್ತಿ ಬೆಂಕಿಯ ಪೆಟ್ಟಿಗೆಗೆ ಸುರಿಯುವಾಗ ಬೆರಳು ಸುಟ್ಟಿತು. ಮುಚ್ಚಳ ಮುಟ್ಟಬೇಡಿ ಎಂದಿದ್ದ. ಮುಟ್ಟದಿದ್ದರೆ ಒಳಗೆ ಕಟ್ಟಿದ ಬಿಳಿ ಹೊಗೆ ಹೋಗುವುದೆಲ್ಲಿಂದ? ಹಿಟ್ಟು ಕಿತ್ತು ಮುಚ್ಚಳ ಎತ್ತಿದೆ. ಹೊಗೆ ಮುಖಕ್ಕೆ ಹೊಡೆದು ಕಣ್ಣು ಕಾಣದಾಯಿತು. ಮುಚ್ಚಳ ಹಾಕಿ, ಮಂಡಿಯೂರಿ, ಬಚ್ಚಲಿನ ಊದುಗೊಳವೆ ತಂದು ಊದಿದೆ. ತೆಳ್ಳಗಿನ ಸಿಬಿರು ಹಾಕಿ ಊದಿದೆ. ಹೊತ್ತಿಕೊಳ್ಳುವುದಿಲ್ಲ, ಬೂದಿ ಮಾತ್ರ ಬಾಯಿಗೆ. "ಹತ್ತು, ನಿನ್ನ ಮನೆ ಹಾಳಾಗ, ಹತ್ತು!" ಎಂದು ಬೆಂಕಿಗೇ ಬೈದೆ. ಅತ್ತೆ ಮತ್ತೊಮ್ಮೆ "ಬಿಡು, ಸಾಕು" ಎಂದರು. ನಾನು ತಿರುಗಿಯೂ ನೋಡಲಿಲ್ಲ. ಕೊನೆಗೆ ಭುಗ್ ಎಂದು ಹತ್ತಿಕೊಂಡಿತು. ಸಾಲಿನಿಂದ ಒಂದು ತುಂಡು ಹಾಕಿದೆ. ಚಿಮಣಿಯ ಹೊಗೆ ಬಿಳಿಯಿಂದ ಬೂದಿ, ಬೂದಿಯಿಂದ ನೀಲಿ ಆಯಿತು. ಮುಚ್ಚಳದ ಅಂಚಿನಲ್ಲಿ ಬಿಸಿ ಸೋರುತ್ತಿತ್ತು, ಆ ಸಿಟ್ಟಿನಲ್ಲೇ ಹರಿದ ಹಿಟ್ಟನ್ನು ಒಟ್ಟುಮಾಡಿ ಅಲ್ಲಿಗೆ ಮಾತ್ರ ಮತ್ತೆ ಮೆತ್ತಿದೆ. ಆಮೇಲೆ ಮುಳ್ಳು ಗೀಟುಗಳ ನಡುವೆ ಬಂದು ಕೂತದ್ದು ಅಲ್ಲಾಡಲೇ ಇಲ್ಲ. ಜುಮಾ ಬಿಟ್ಟು ಮಗ, ಅಣ್ಣ, ಪಾಲುದಾರ ಮೂವರೂ ಬರುವವರೆಗೂ ನಾನು ಅಲ್ಲೇ ಮಂಡಿಯೂರಿ ಕೂತಿದ್ದೆ.

ಹಿಟ್ಟು ನೋಡಿದ್ದೇ ಮಗ ಓಡಿ ಬಂದ. "ಎಂತ ಉಮ್ಮಾ ಇದು?"

"ಬಿಸಿ ಸೋರ್ತಾ ಇತ್ತು. ಮಾತಾಡ್ಬೇಡ, ಬಡಿಸು" ಎಂದೆ.

ಪರೋಟ ಇರಲಿಲ್ಲ, ಹಿಟ್ಟೇ ಇರಲಿಲ್ಲವಲ್ಲ. ಯಾರೂ ಕೇಳಲೂ ಇಲ್ಲ. ಮೊದಲ ತುತ್ತಿಗೆ ಅಣ್ಣ ಪಾಲುದಾರನ ಮುಖ ನೋಡಿದ, ಪಾಲುದಾರ ಅಣ್ಣನ ಮುಖ ನೋಡಿದ. ಆಮೇಲೆ ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಅಣ್ಣ ಎಲುಬು ಚೀಪುತ್ತ, "ಇದು ಮಾಡ್ಲಿಕ್ಕೆ ಬರುವವನನ್ನು ಪಾತ್ರೆ ಅಂಗಡಿಯಲ್ಲಿ ಕೂರಿಸುವುದಾ? ಈ ತಿಂಗಳೇ ಹೊರಡು ಮಾರಾಯ" ಎಂದ. ಮಗ ನಗಲು ಹೋಗಿ ನಗಲಾರದೆ ಎದ್ದು ಕೈತೊಳೆಯುವ ಕಡೆ ಹೋದ. ಅಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದ. ಇಷ್ಟು ಖುಷಿಯಾಗಿ ನಾನು ಅವನನ್ನು ಎಂದೂ ಕಂಡಿರಲಿಲ್ಲ. ನನಗೂ ಅಳು ಬಂತು, ಅದರ ಕಾರಣ ಬೇರೆ.

ಊಟ ಮುಗಿದು ಗಂಡಸರು ಜಗಲಿಯಲ್ಲಿ ಪಾಸ್‌ಪೋರ್ಟಿನ ಮಾತಿಗೆ ಕೂತರು. ನಾನು ಚಾಕು ಹಿಡಿದು ಡಬ್ಬಕ್ಕೆ ಸುಟ್ಟು ಅಂಟಿದ ಹಿಟ್ಟು ಕೆರೆಯುತ್ತಿದ್ದೆ. ಅತ್ತೆ ಬಂದು ಸ್ಟೂಲು ಎಳೆದು ಹತ್ತಿರ ಕೂತರು. ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಅವರ ಮೇಲೆ ಹೋಯಿತು.

"ಇದು ಬಿರಿಯಾನಿ ಪಾತ್ರೆ ಅಲ್ಲ ಮಾಮಿ. ಹೊಗೆ ಹೋಗುವ ದಾರಿ ಮುಚ್ಚಿದರೆ ಬೆಂಕಿ ಸತ್ತೇ ಹೋಗ್ತದೆ. ನಾನು ಒಂದು ಗಳಿಗೆ ತಡ ಮಾಡಿದ್ದರೆ ಎಲ್ಲ ಹಾಳಾಗ್ತಿತ್ತು. ನಿಮಗಾದರೂ ಗೊತ್ತಾಗಬೇಡ್ವಾ?"

"ಗೊತ್ತುಂಟು" ಎಂದರು ಅತ್ತೆ.

ನಾನು ಕೆರೆಯುವುದನ್ನು ನಿಲ್ಲಿಸಿದೆ.

"ಹುಟ್ಟಿದಾಗಿನಿಂದ ಒಲೆ ಊದಿದವಳಿಗೆ ಅಷ್ಟೂ ಗೊತ್ತಿರುವುದಿಲ್ವಾ ಮೋಳೇ? ಗೊತ್ತಿದ್ದೇ ಮುಚ್ಚಿದ್ದು" ಎಂದರು. ದನಿ ಏರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಜಗಲಿಯಲ್ಲಿ ನಗುತ್ತಿದ್ದ ಮೊಮ್ಮಗನನ್ನೇ ನೋಡುತ್ತಿದ್ದರು. "ನನ್ನ ಮಗ ಹೊರಟು ನಿಂತಾಗ ನನಗೆ ಮುಚ್ಚಲಿಕ್ಕೆ ಎಂತದೂ ಸಿಗಲಿಲ್ಲ. ನಿನ್ನ ಮಗ ಹೋಗದ ಹಾಗೆ ನಿನಗೆ ಮುಚ್ಚಿ ಕೊಟ್ಟಿದ್ದೆ. ಬಿಡು ಬಿಡು ಅಂತ ಹೇಳಿದೆ. ನೀನು ಯಾಕೆ ತೆಗೆದೆ?"